ನಿಂಬೆಹಣ್ಣು ಬಿಚ್ಚಿಸಿದವಳು

ಸಾಹುಕಾರರು "ಕುಂದ್ರಿ" ಅಂದಾಗಲೇ ನನಗೆ ಅನುಮಾನ ಬಂದಿತ್ತು. ಹದಿನೆಂಟು ವರ್ಷ ಆ ಆಫೀಸಿನಲ್ಲಿ ದುಡಿದವಳು ನಾನು. ಅವರ ಟೇಬಲ್ಲಿನ ಎದುರಿನ ಕುರ್ಚಿ ಹೊರಗಿನಿಂದ ಬಂದವರಿಗೆ ಮೀಸಲು, ನಾನು ಯಾವಾಗಲೂ ನಿಂತೇ ಮಾತಾಡಿದ್ದು. ಅವತ್ತು ಕೂಡಿಸಿದರು, ಚಹಾ ತರಿಸಿದರು, ಅದನ್ನು ಕುಡಿದು ಮುಗಿಸುವ ತನಕ ಮಳೆಯ ಮಾತು, ಬಿಸಿಲಿನ ಮಾತು ಆಡಿದರು. ಆಮೇಲೆ ಒಂದು ಕಾಗದವನ್ನು ನನ್ನ ಕಡೆ ಸರಿಸಿದರು.

ನಮ್ಮದು ಸೇಡಂನಲ್ಲಿ ಆಫೀಸು. ದೊಡ್ಡ ಕಂಪನಿಗಳ ಕೆಲಸಕ್ಕೆ ಆಳು ಒದಗಿಸುವ ಗುತ್ತಿಗೆ. ಕೋಡ್ಲಾ ಕಡೆಗೆ ಚೀಲ ಹೇರುವವರು, ಚಿತ್ತಾಪುರದಲ್ಲಿ ಗೋದಾಮಿನವರು, ವಾಡಿಯಲ್ಲಿ ರೈಲು ಡಬ್ಬಿ ತುಂಬುವವರು, ಚಿಂಚೋಳಿ ಕಡೆ ಕೆಂಪುಮಣ್ಣು ಅಗೆಯುವವರು, ಎಲ್ಲರ ಹಾಜರಿಯೂ ನನ್ನ ಕೈಯಲ್ಲೇ ಬರೆಯಬೇಕು. ಇದಲ್ಲದೆ ಶಹಾಬಾದ್ ದಾಟಿ ಭಂಕೂರಿಗೆ ಹೋಗುವ ದಾರಿಯಲ್ಲಿ ಸಾಹುಕಾರರದೇ ಒಂದು ಫರಸಿ ಕಾರ್ಖಾನೆ ಇತ್ತು. ಕಲ್ಲು ಕೊಯ್ದು, ಹಾಸುಗಲ್ಲು ಮಾಡಿ, ನುಣುಪು ಕೊಟ್ಟು ಅದೇ ಕಂಪನಿಗಳಿಗೆ ಕಳಿಸುವ ಜಾಗ.

ಕಾಗದದಲ್ಲಿ ಬರೆದದ್ದು ಇಷ್ಟು. ದೊಡ್ಡ ಕಂಪನಿಗಳು ಇನ್ನು ಮೇಲೆ ತಮ್ಮ ಪ್ರತಿ ಗುತ್ತಿಗೆದಾರನ ಹತ್ತಿರವೂ ಆಡಳಿತ ಮತ್ತು ಅಪಾಯ ನಿರ್ವಹಣೆ ಕಲಿತ ಒಬ್ಬ ಅಧಿಕಾರಿ ಇರಬೇಕು ಅನ್ನುತ್ತವೆ. ಕಲಿತದ್ದಕ್ಕೆ ಸರ್ಟಿಫಿಕೇಟು ಬೇಕು. ಆರು ತಿಂಗಳ ಗಡುವು.

"ನಿಮ್ಮ ಅಕ್ಷರ ಭಾಳ ಚಲೋ ಅವ. ನೀವೇ ಕಲೀರಿ ಮೇಡಂ" ಅಂದರು ಸಾಹುಕಾರರು.

"ಸಾವ್ಕಾರ, ನನಗ ನಲವತ್ತೇಳು ಆಗ್ಯಾವ್ರಿ."

"ಕಲಿಲಿಕ್ಕ ವಯಸ್ಸು ಯಾರು ಕೇಳ್ತಾರ?" ಅಂದು ನಕ್ಕರು. ನಗು ನಿಲ್ಲಿಸಿ ಮುಂದಿನ ಮಾತು ಹೇಳಿದರು. ಪಾಸಾದರೆ ಆ ಅಧಿಕಾರಿಯ ಕುರ್ಚಿ ನನ್ನದೇ. ಆಗದಿದ್ದರೆ ಅವರ ಹೆಂಡತಿಯ ತಮ್ಮನ ಮಗಳು ಕಲಬುರಗಿಯಲ್ಲಿ ಎಂಬಿಎ ಮುಗಿಸಿ ಕೂತಿದ್ದಾಳೆ. "ಆಕಿ ಬರ್ತಾಳ. ನೀವು ಮನ್ಯಾಗ ಆರಾಮ ಇರ್ರಿ."

ಆರಾಮಂತೆ! ನನ್ನ ಗಂಡ ವಾಡಿಯಲ್ಲಿ ರೈಲ್ವೆ ಹಳಿ ಕೆಲಸದಲ್ಲಿದ್ದವರು. ಸೊಂಟದ ಆಪರೇಶನ್ ಆದ ಮೇಲೆ ಮನೆಯಲ್ಲೇ ಇದ್ದಾರೆ. ಮನೆ ನಡೆಯುತ್ತಿದ್ದದ್ದು ನನ್ನ ಕಾಲಿನ ಮೇಲೆ. ಹಾಗಾಗಿ ಹೂಂ ಅಂದೆ. ಸಂಜೆ ಮನೆಗೆ ಬಂದು ಹೇಳಿದರೆ ಗಂಡ ಕೇಳಿದರು, "ಏನ್ ಕೋರ್ಸಿದು?"

"ಎಲ್ಲೆಲ್ಲಿ ಏನೇನು ಕೆಡಬಹುದು ಅಂತ ಮೊದಲೇ ಹೇಳೋದು."

"ಅದಕ್ಕ ಕೋರ್ಸ್ ಯಾಕ? ನಮ್ಮವ್ವನ್ನ ಕರಸಿದ್ರ ಸಾಕಿತ್ತು" ಅಂದರು. ನನಗೆ ನಗಲಿಕ್ಕೂ ತ್ರಾಣ ಇರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರ ತನಕ ಫೋನಿನಲ್ಲಿ ಕ್ಲಾಸು. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ, ಕನ್ನಡಕ ಏರಿಸಿ, ನೋಟುಬುಕ್ಕು ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಿದ್ದೆ. ವಾರದಲ್ಲಿ ಸಿಗುತ್ತಿದ್ದ ಒಂದೇ ರಜೆ ಅದು. ಬಟ್ಟೆ ನೆನೆದು ನೆನೆದು ವಾಸನೆ ಹಿಡಿಯುತ್ತಿದ್ದವು. ಕಲಿಸುವ ಹುಡುಗಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಒಳ್ಳೆಯ ಹುಡುಗಿ, ಎಷ್ಟು ಸಲ ಕೇಳಿದರೂ ಬೇಸರ ಮಾಡುತ್ತಿರಲಿಲ್ಲ. ಆದರೆ ಎಷ್ಟು ಬೇಗ ಬೇಗ ಮಾತಾಡುತ್ತಿದ್ದಳು ಅಂದರೆ, ನಾನು ಹಿಂದಿನ ಮಾತು ಬರೆದು ಮುಗಿಸುವಷ್ಟರಲ್ಲಿ ಎರಡು ಪಾಠ ದಾಟಿರುತ್ತಿದ್ದಳು.

ಗವರ್ನೆನ್ಸ್ ಅಂದರೆ ಏನು ಅಂತ ಅವಳು ಹೇಳಿದ್ದು ನನಗೆ ಈಗಲೂ ಬಾಯಿಪಾಠ. ನಿರ್ಧಾರ ಯಾರು ಮಾಡುತ್ತಾರೆ, ಅದಕ್ಕೆ ಜವಾಬು ಯಾರು ಕೊಡುತ್ತಾರೆ, ಅವರಿಬ್ಬರ ಮೇಲೆ ಕಣ್ಣಿಡುವವರು ಯಾರು? ಮೂವರೂ ಬೇರೆ ಬೇರೆ ಇರಬೇಕು. "ನಿಮ್ಮ ಸಂಸ್ಥೆಯಲ್ಲಿ ಆ ಮೂರು ಜನರ ಹುದ್ದೆ ಬರೆಯಿರಿ" ಅಂದಳು. ನಾನು ಮೂರೂ ಸಾಲಿನಲ್ಲಿ 'ಸಾಹುಕಾರರು' ಅಂತ ಬರೆದು ಕಳಿಸಿದೆ. ಪಕ್ಕದಲ್ಲಿ ಒಂದು ನಗುವ ಮುಖ ಹಾಕಿ ವಾಪಸು ಕಳಿಸಿದಳು.

ಇನ್ನು ಅಪಾಯದ ಪಾಠ. ಐದು ಸಾಲು, ಐದು ಕಂಬ, ಚೌಕಾಬಾರದ ಮನೆಯ ಹಾಗೆ ಇಪ್ಪತ್ತೈದು ಮನೆ. ಕೆಟ್ಟದ್ದು ಆಗುವ ಸಂಭವಕ್ಕೆ ಒಂದರಿಂದ ಐದರ ತನಕ ಅಂಕಿ. ಅದು ಆದಾಗ ಎಷ್ಟು ಹಾನಿ ಅನ್ನುವುದಕ್ಕೆ ಒಂದರಿಂದ ಐದರ ತನಕ ಇನ್ನೊಂದು ಅಂಕಿ. ಎರಡನ್ನೂ ಗುಣಿಸಿದರೆ ಬರುವ ಮನೆ ಹಸಿರೋ, ಹಳದಿಯೋ, ಕೆಂಪೋ ನೋಡಬೇಕು. ಕೆಂಪು ಬಂದರೆ ಕೆಲಸ ನಿಲ್ಲಿಸಬೇಕು. ಸೇಡಂನಿಂದ ವಾಡಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ, ಅಲ್ಲಿಂದ ಶಹಾಬಾದಿನ ರೈಲಿಗಾಗಿ ಕಾಯುವ ಪ್ಲಾಟ್‌ಫಾರ್ಮಿನಲ್ಲಿ, ಕೂತಲ್ಲೆಲ್ಲ ಇದನ್ನೇ ಗುಣಿಸುತ್ತಿದ್ದೆ. ಎದುರಿಗೆ ಕೂತ ಹೆಂಗಸೊಬ್ಬಳು "ಲಾಟ್ರಿ ನಂಬರ್ ಏನ್ರಿ ಯಕ್ಕಾ?" ಅಂತ ಕೇಳಿದ್ದಳು.

ನಾಲ್ಕನೇ ತಿಂಗಳಿಗೆ ಪ್ರಾಜೆಕ್ಟು ಬಂತು. ಒಂದು ಕೆಲಸದ ಜಾಗ ಆಯ್ದುಕೊಂಡು ಅಲ್ಲಿಯ ಅಪಾಯಗಳ ರಜಿಸ್ಟರ್ ಬರೆಯಬೇಕು. ಪುಸ್ತಕದಿಂದ ಎತ್ತಿ ಬರೆಯಬಾರದು, ಕೆಲಸ ಮಾಡುವವರ ಬಾಯಿಂದಲೇ ಹೊರಡಿಸಬೇಕು. ಕೊನೆಗೆ ಮಾಲೀಕರ ಸಹಿ ಇರಬೇಕು. ಸಹಿ ಇಲ್ಲದ ರಜಿಸ್ಟರಿಗೆ ಅಂಕ ಇಲ್ಲ.

ಬಾಯಿಂದ ಹೊರಡಿಸುವುದು! ಆ ಹುಡುಗಿಗೆ ನಮ್ಮ ಜನ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಹೊರಟೆ. ಮೊದಲು ಚಿಂಚೋಳಿ ಕಡೆಯ ಮಣ್ಣಿನ ಗಣಿಗೆ ಹೋದೆ. ಬಸ್ಸಿನಲ್ಲಿ ಎಲುಬೆಲ್ಲ ಅಲುಗಾಡಿ ಹೋಗಿತ್ತು. ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು ಪಾಠದ ಪ್ರಕಾರವೇ ಕೇಳಿದೆ, "ಇಲ್ಲಿ ಏನೇನು ಅನಾಹುತ ಆಗಬಹುದು, ಹೇಳ್ರಿ?"

ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ ಮುದುಕ ಕೈಮುಗಿದು, "ಅಂಥಾದ್ದು ಯಾಕ ನುಡೀತೀರಿ ಅಕ್ಕೋರ? ಹೊತ್ತು ಇಳೀಲಿಕತ್ತದ, ದೇವತಿಗೋಳು ಅಸ್ತು ಅನ್ನೋ ಹೊತ್ತು" ಅಂದ. ನಾನು ಬಿಡದೆ, "ಮ್ಯಾಲಿನ ಮಣ್ಣು ಕುಸದ್ರ?" ಅಂದೆ. ಎಲ್ಲರೂ ಒಟ್ಟಿಗೆ "ಬಿಡ್ತು ಅನ್ರಿ, ಬಿಡ್ತು ಅನ್ರಿ!" ಅಂತ ಎದ್ದೇ ನಿಂತರು. ನಾನು ಬಿಡ್ತು ಅಂದೆ. ಅನ್ನದೆ ಏನು ಮಾಡಲಿ? ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವಳು. ನಮ್ಮವ್ವ ದೀಪ ಆರಿಸು ಅಂತ ಒಂದು ದಿನ ಅಂದವಳಲ್ಲ, ದೀಪ ದೊಡ್ಡದು ಮಾಡು ಅನ್ನುತ್ತಿದ್ದಳು. ಮನೆಯಿಂದ ಹೊರಡುವಾಗ ಹೋಗುತ್ತೇನೆ ಅಂದರೆ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಬರುತ್ತೇನೆ ಅನ್ನಬೇಕು. ಕೆಟ್ಟದ್ದನ್ನು ನುಡಿದರೆ ಅದಕ್ಕೆ ಮನೆಯ ದಾರಿ ತೋರಿಸಿದಂತೆ ಅಂತ ನಂಬಿದ ಜನರ ಮುಂದೆ ನಾನು ಪೆನ್ನು ಹಿಡಿದು ಕೂತಿದ್ದೆ.

ವಾಡಿಯಲ್ಲೂ ಅದೇ ಕತೆ. ಚಿತ್ತಾಪುರದಲ್ಲಿ ಒಬ್ಬಳು ನನ್ನ ದೃಷ್ಟಿ ತೆಗೆದೇ ಕಳಿಸಿದಳು. ಖಾಲಿ ರಜಿಸ್ಟರ್ ಚೀಲದಲ್ಲಿ ಹಾಕಿಕೊಂಡು ಮೂರು ವಾರ ತಿರುಗಿದೆ. ಎಂಬಿಎ ಹುಡುಗಿಯ ಮುಖ ನಾನು ನೋಡಿರಲಿಲ್ಲ, ಆದರೂ ಅವಳು ನನ್ನ ಕುರ್ಚಿಯಲ್ಲಿ ಕೂತಂತೆ ಕಾಣುತ್ತಿದ್ದಳು.

ಕೊನೆಗೆ ಭಂಕೂರ ದಾರಿಯ ಫರಸಿ ಕಾರ್ಖಾನೆಗೆ ಹೋದೆ. ಅಲ್ಲಿಯ ಮಿಸ್ತ್ರಿಗೆ ಅರವತ್ತರ ಸಮೀಪ, ಹುಟ್ಟಿದಾಗಿನಿಂದ ಕಲ್ಲಿನ ಕೆಲಸ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಓದು ಬರದಿದ್ದರೂ ಕಲ್ಲಿನ ಮೇಲೆ ಬೆರಳಿನಿಂದ ತಟ್ಟಿ ಎಲ್ಲಿ ಬಿರುಕಿದೆ ಹೇಳಿಬಿಡುತ್ತಿದ್ದರು. ಅವರ ಸೊಸೆಯೂ ಅಲ್ಲೇ ಕೆಲಸಕ್ಕಿದ್ದಳು. ಸಣ್ಣ ವಯಸ್ಸು, ನಗುಮುಖ, ಬಾಯಿ ಮಾತ್ರ ಭಾಳ ಚುರುಕು.

ಶೆಡ್ಡಿನ ನಡುವೆ ದಪ್ಪ ಕಬ್ಬಿಣದ ತೊಲೆ, ಅದಕ್ಕೆ ಚೈನ್ ಪುಲ್ಲಿ. ಲಾರಿಯಿಂದ ಬಂದ ದೊಡ್ಡ ಕಲ್ಲನ್ನು ಅದರಿಂದ ಎತ್ತಿ, ಕೊಯ್ಯುವ ಮಶೀನಿನ ಮೇಲೆ ಇಳಿಸುತ್ತಾರೆ. ಇಡೀ ಕಾರ್ಖಾನೆಯಲ್ಲಿ ಗಟ್ಟಿ ನೆರಳು ಇದ್ದದ್ದು ಆ ಶೆಡ್ಡಿನ ಕೆಳಗೆ ಮಾತ್ರ. ಆದರೂ ಊಟದ ಹೊತ್ತಿಗೆ ಹೆಂಗಸರೆಲ್ಲ ಹೊರಗೆ, ಕಂಪೌಂಡಿನ ಜಾಲಿ ಗಿಡದ ಹರುಕು ನೆರಳಿನಲ್ಲಿ ತಲೆಗೆ ಸೆರಗು ಹೊದ್ದು ಕೂತಿದ್ದರು.

"ಯಾಕ, ಅಲ್ಲಿ ನೆರಳ ಅದಲ್ಲ?" ಅಂತ ಕೇಳಿದೆ.

"ಅಯ್ಯ, ದೇವರ ಜಾಗದಾಗ ಎಂಜಲ ಮಾಡ್ತಾರೇನ್ರಿ ಅಕ್ಕೋರ?" ಅಂದಳು ಸೊಸೆ. "ಪುಲ್ಲಿಗಿ ಮಾವ ಪ್ರತಿ ಅಮಾಸಿಗಿ ಐದು ಲಿಂಬಿಹಣ್ಣು ಕಟ್ಟತಾನ. ಕೆಳಗ ವಿಭೂತಿ ಗೆರಿ ಎಳೀತಾನ. ಗೆರಿ ಒಳಗ ಚಪ್ಪಲಿ ಹಾಕ್ಕೊಂಡು ನಿಂತ್ರ ನಮ್ಮ ಹೆಣ ಬೀಳಸ್ತಾನ!"

"ಉಳಿದ ಮಶೀನಿಗಿ?"

"ಅವಕ್ಕೊಂದೊಂದು. ಕರೆಂಟ್ ಬೋರ್ಡಿಗಿ ಎರಡು. ನೀರಿನ ಮೋಟಾರಿಗಿ ಒಂದೂ ಇಲ್ಲ, ಅದು ಪಾಪದ್ದು."

ಅವರ ಜೊತೆ ಉಣ್ಣಲು ಕೂತಿದ್ದವಳು ರೊಟ್ಟಿ ಕೆಳಗಿಟ್ಟೆ. ನಾನು ಎದ್ದು ಹೋಗಿ ನೋಡಿದೆ. ಕೊಯ್ಯುವ ಮಶೀನಿಗೆ ಒಂದು, ಪಾಲಿಶ್ ಮಶೀನಿಗೆ ಒಂದು, ಕರೆಂಟ್ ಬೋರ್ಡಿಗೆ ಎರಡು, ಚೈನ್ ಪುಲ್ಲಿಗೆ ಐದು, ಜೊತೆಗೆ ಮೆಣಸಿನಕಾಯಿ, ಕರಿ ದಾರ. ನಾನು ಮೂರು ವಾರ ಊರೂರು ತಿರುಗಿ ಕೇಳಿದ್ದಕ್ಕೆಲ್ಲ ಇಲ್ಲಿ ಜವಾಬು ಕಟ್ಟಿ ತೂಗಾಡಿಸಿದ್ದರು. ಜನ ಬಾಯಿಂದ ಹೇಳಲು ಹೆದರುತ್ತಾರೆ, ಆದರೆ ಎಲ್ಲಿ ಹೆದರುತ್ತಾರೋ ಅಲ್ಲಿ ನಿಂಬೆಹಣ್ಣು ಕಟ್ಟುತ್ತಾರೆ. ಎಷ್ಟು ಹೆದರಿಕೆಯೋ ಅಷ್ಟು ಹಣ್ಣು.

ಆಮೇಲೆ ನಾನು ಯಾರನ್ನೂ ಅನಾಹುತದ ಮಾತು ಕೇಳಲಿಲ್ಲ. "ಇದಕ್ಕ ಎಷ್ಟು ಕಟ್ಟತೀರಿ? ಯಾವಾಗಿನಿಂದ?" ಅಂತ ಮಾತ್ರ ಕೇಳಿದೆ. ಗಂಗೆ ಹರಿದ ಹಾಗೆ ಹೇಳಿದರು. ಪುಲ್ಲಿಗೆ ಮೊದಲು ಒಂದೇ ಇತ್ತಂತೆ, ಎರಡು ವರ್ಷದಿಂದ ಐದಾಗಿದೆಯಂತೆ. ಯಾಕೆ ಅಂದರೆ ಮಿಸ್ತ್ರಿ ಕಾಕಾ ಚೈನನ್ನು ಅಂಗೈಯಲ್ಲಿ ಹಿಡಿದು, ಒಂದೊಂದೇ ಕೊಂಡಿ ಜಾರಿಸುತ್ತ, "ಅಮ್ಮಗ ವಯಸ್ಸಾಗೇದ್ರಿ" ಅಂದರು. ಅದಕ್ಕಿಂತ ಹೆಚ್ಚಿಗೆ ಒಂದು ಅಕ್ಷರ ಆಡಲಿಲ್ಲ. ನಾನೂ ಕೊಂಡಿ ಹಿಡಿದು ನೋಡಿದೆ. ಎರಡು ಕಡೆ ಉಗುರು ಸಿಕ್ಕುವಷ್ಟು ಸವೆದಿತ್ತು.

ರಜಿಸ್ಟರ್ ಎರಡು ದಿನದಲ್ಲಿ ತುಂಬಿತು. ಚೈನ್ ಪುಲ್ಲಿಯ ಮುಂದೆ ಸಂಭವ ನಾಲ್ಕು, ಹಾನಿ ಐದು, ಗುಣಿಸಿದರೆ ಇಪ್ಪತ್ತು ಅಂತ ಬರೆದೆ. ಮನೆಗೆ ಕೆಂಪು ಬಣ್ಣ ತುಂಬಿದೆ. ಕಲಿಸುವ ಹುಡುಗಿಗೆ ನಿಂಬೆಹಣ್ಣಿನ ಕತೆ ಹೇಳಿದ್ದಕ್ಕೆ ಆ ಭಾನುವಾರ ಇಡೀ ಕ್ಲಾಸಿನ ಮುಂದೆ ನನ್ನನ್ನು ಹೊಗಳಿದಳು. ನಲವತ್ತೇಳು ವರ್ಷದಲ್ಲಿ ಯಾರೂ ನನ್ನ ಬುದ್ಧಿಯನ್ನು ಹೊಗಳಿರಲಿಲ್ಲ. ಗಂಡನಿಗೆ ಕೇಳಲಿ ಅಂತ ಫೋನಿನ ದನಿ ಜೋರು ಮಾಡಿದ್ದೆ, ನಿಜ ಹೇಳಬೇಕಲ್ಲ.

ಸಹಿಗಾಗಿ ಸಾಹುಕಾರರ ಹತ್ತಿರ ಹೋದೆ. ಹಾಳೆ ತಿರುವುತ್ತ ತಿರುವುತ್ತ ಕೆಂಪು ಮನೆಯ ಮೇಲೆ ಬೆರಳಿಟ್ಟರು.

"ಇದೇನಿದು?"

ಹೇಳಿದೆ. ಕೇಳಿಸಿಕೊಂಡರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

"ನೋಡು ತಂಗೀ," ಅಂದರು. ಮೇಡಂ ಹೋಗಿ ತಂಗಿ ಆಗಿದ್ದೆ. "ನೀ ಬರದದ್ದು ಖರೇ ಇರಬೇಕು. ಆದರ ಕಾಗದದ ಮ್ಯಾಲ ಕೆಂಪು ಬಂದ್ರ ಕಂಪನಿಯವ್ರು ನಾಳೆನೇ ಕೆಲಸ ನಿಲ್ಲಸ್ತಾರ. ಅಲ್ಲಿ ಇಪ್ಪತ್ತು ಮಂದಿ ಮನಿಗಿ ಹೋಗ್ತಾರ. ದೀಪಾವಳಿ ಮುಗೀಲಿ, ಹೊಸಾ ಚೈನ್ ಹಾಕ್ಸೋಣು. ಈಗ ಇದನ್ನ ಜರಾ ಹಸರ ಮಾಡ್ಕೊಂಡು ಬಾ, ಸಹಿ ಹಾಕ್ತೀನಿ."

"ನಾಲ್ಕು ಅದ ಸಾವ್ಕಾರ. ನಾ ಕೈಲೆ ಹಿಡದು ನೋಡೀನಿ."

"ನಾಲ್ಕು ಬರಿಯೋದೂ ನಿನ್ನ ಕೈನೇ, ಒಂದು ಬರಿಯೋದೂ ನಿನ್ನ ಕೈನೇ. ಗಡುವು ಶುಕ್ರವಾರ ಅಲ್ಲೇನು?"

ಗಡುವು ಶುಕ್ರವಾರವೇ ಇತ್ತು. ನಾನು ಮನೆಗೆ ಬಂದೆ. ಗಂಡನಿಗೆ ಹೇಳಲಿಲ್ಲ. ಎರಡು ದಿನ ಹಾಳೆ ಮುಟ್ಟಲಿಲ್ಲ. ಕಲಿಸುವ ಹುಡುಗಿಗೆ ಫೋನು ಮಾಡಿ ಹೇಳಿಬಿಡಬೇಕು ಅಂತ ಒಂದು ಸಲ ನಂಬರ್ ಒತ್ತಿ, ಗಂಟೆ ಹೊಡೆಯುವ ಮೊದಲೇ ಇಟ್ಟೆ. ನನಗೆ ಆಗ ಅನಿಸಿದ್ದು ಒಂದೇ. ಸಾಕಪ್ಪಾ ಸಾಕು, ಇದು ಮುಗಿದರೆ ಸಾಕು. ಆರು ತಿಂಗಳು ಭಾನುವಾರ ಕಂಡಿಲ್ಲ, ಕಣ್ಣು ಉರಿಯುತ್ತವೆ, ಮೊಣಕಾಲು ಹಿಡಿದಿದೆ. ಆ ದಣಿವೇ ನನ್ನ ಕೈಗೆ ಪೆನ್ನು ಕೊಟ್ಟಿತು ಅಂತ ಬರೆದರೆ ಸುಳ್ಳಾಗುತ್ತದೆ. ಹೆದರಿದ್ದೆ. ಕುರ್ಚಿ ಹೋಗುತ್ತದೆ ಅಂತ ಹೆದರಿದ್ದೆ. ಗುರುವಾರ ಹೊಸ ಹಾಳೆಯಲ್ಲಿ ಸಂಭವ ಒಂದು ಅಂತ ಬರೆದೆ. ಒಂದೈದ್ಲೆ ಐದು. ಐದರ ಮನೆ ಹಸಿರು. ಹಳೆಯ ಹಾಳೆಯನ್ನು ಹರಿಯಲು ಮನಸ್ಸಾಗದೆ ಬೀರುವಿನಲ್ಲಿಟ್ಟೆ.

ಪಾಸಾದೆ. ಒಳ್ಳೆಯ ಅಂಕ ಬಂದವು. ಆಫೀಸಿನಲ್ಲಿ ಶಾಲು ಹೊದಿಸಿ, ಪೇಢೆ ಹಂಚಿದರು. ಬಾಗಿಲಿಗೆ ನನ್ನ ಹೊಸ ಹುದ್ದೆಯ ಹಲಗೆ ಬಂತು. ಗಂಡ ಶಾಲು ಮಡಿಚಿ ತಾವೇ ಕಪಾಟಿನಲ್ಲಿಟ್ಟರು. "ಭಾಳ ಚಲೋ ಆತು ನೋಡು" ಅಂದರು. ಆ ಮನುಷ್ಯ ನನಗೆ ಅಂಥ ಮಾತು ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಇದಾದ ಹದಿನೈದು ದಿನಕ್ಕೆ ಕಂಪನಿಯ ಕಡೆಯಿಂದ ಫರಸಿ ಕಾರ್ಖಾನೆ ನೋಡಲಿಕ್ಕೆ ಇಬ್ಬರು ಬರುತ್ತಾರೆ ಅಂತ ಸುದ್ದಿ ಬಂತು. ನಾನು ಹಿಂದಿನ ದಿನವೇ ಹೋದೆ. ಇಲ್ಲಿ ನಾನು ಮಾಡಿದ ಕೆಲಸಕ್ಕೆ ಸಾಹುಕಾರರ ಹೆಸರು ಹೇಳುವಂತಿಲ್ಲ. ಯಾರೂ ನನಗೆ ಹೇಳಿರಲಿಲ್ಲ. ಮಶೀನಿನ ಮೇಲೆ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುವುದನ್ನು ನೋಡಿದರೆ ಬಂದವರು ನಗುತ್ತಾರೆ, ಸರ್ಟಿಫಿಕೇಟು ತೆಗೆದುಕೊಂಡವಳ ಮರ್ಯಾದೆ ಏನಾಗಬೇಕು ಅನಿಸಿತು. ಹಣ್ಣುಗಳನ್ನು ಬಿಚ್ಚಿಸಿದೆ. ನೆಲದ ಮೇಲಿನ ವಿಭೂತಿ ಗೆರೆಯನ್ನು ನೀರು ಹಾಕಿ ತೊಳೆಸಿದೆ.

"ಅಮಾಸಿ ಮುಗೀಲ್ರಿ ಅಕ್ಕೋರ. ಮೂರೇ ದಿನ ಅದ. ಆಮ್ಯಾಗ ಬಿಚ್ಚೋಣಂತ" ಅಂದರು ಮಿಸ್ತ್ರಿ ಕಾಕಾ.

"ಕಾಕಾ, ಈಗ ಕಾಗದ ಆಗೇದ. ಎಲ್ಲಾ ಬರದೀನಿ. ಇನ್ನ ಇವು ಬ್ಯಾಡ."

"ಕಾಗದದಾಗ ಏನ್ ಬರದೀರಿ?"

"ಅಪಾಯ ಕಡಿಮಿ ಅಂತ."

ಅವರ ಮುಖ ಅರಳಿತು. ಎರಡು ವರ್ಷದಿಂದ ಹೊತ್ತದ್ದನ್ನು ಇಳಿಸಿದವರ ಹಾಗೆ ಉಸಿರು ಬಿಟ್ಟರು. "ಒಳ್ಳೇದ ಬರದ್ರಿ ನಮ್ಮವ್ವಾ. ನಿಮ್ಮ ಬಾಯಾಗ ಸಕ್ಕರಿ ಹಾಕ" ಅಂದು, ಏಣಿ ಹತ್ತಿ ಐದೂ ಹಣ್ಣುಗಳನ್ನು ತಾವೇ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಬೇಲಿಯಾಚೆ ಯಾರೂ ತುಳಿಯದ ಕಡೆ ಹಾಕಿ ಬಂದರು. ಅವು ಇದ್ದ ಕಡೆ ನಾನು ಪೇಂಟರನಿಂದ ಬರೆಸಿದ ಹಲಗೆ ಹಾಕಿಸಿದೆ. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ಚೈನ್ ಪುಲ್ಲಿ, ಅಪಾಯ ಕಡಿಮೆ. ಕೆಳಗೆ ನನ್ನ ಹುದ್ದೆ. ಬಂದ ಇಬ್ಬರು ಹಲಗೆಯ ಫೋಟೋ ತೆಗೆದುಕೊಂಡು, ಎಳನೀರು ಕುಡಿದು ಹೋದರು. ಚೈನನ್ನು ಅವರು ಮುಟ್ಟಿಯೂ ನೋಡಲಿಲ್ಲ.

ದೀಪಾವಳಿ ಬಂತು, ಹೋಯಿತು. ಎರಡು ಸಲ ಸಾಹುಕಾರರಿಗೆ ನೆನಪು ಮಾಡಿದೆ. "ಹೂಂ ಹೂಂ, ಆರ್ಡರ್ ಕೊಟ್ಟೀನಿ" ಅಂದರು. ಮೂರನೆಯ ಸಲ ಕೇಳಲಿಲ್ಲ. ಐದೂ ಊರಿನ ಕಾಗದ ಈಗ ನನ್ನ ತಲೆಯ ಮೇಲಿದ್ದವು, ದಿನಾ ಒಂದು ಕಡೆ ತಿರುಗಾಟ. ಸೇಡಂ ಸ್ಟೇಷನ್ನಿನಲ್ಲಿ ಇಳಿದು ಮನೆಯ ತನಕ ನಡೆಯುವುದೇ ದೊಡ್ಡ ಕೆಲಸ ಅನಿಸುತ್ತಿತ್ತು.

ಬೇಸಿಗೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಭಂಕೂರ ದಾರಿಗೆ ಹೋದೆ. ನಮ್ಮ ಕಡೆಯ ಬಿಸಿಲು, ಕಲ್ಲಿನ ಪುಡಿ ಹಾರಿ ಕಣ್ಣು ಬಿಡಲಿಕ್ಕೆ ಆಗುತ್ತಿರಲಿಲ್ಲ. ಕರೆಂಟು ಹೋಗಿ ಮಶೀನುಗಳೆಲ್ಲ ನಿಂತಿದ್ದವು. ಜಾಲಿ ಗಿಡದ ಕೆಳಗೆ ಯಾರೂ ಇರಲಿಲ್ಲ. ಎಲ್ಲಿ ಹೋದರು ಅಂತ ಶೆಡ್ಡಿನೊಳಗೆ ಇಣುಕಿದೆ.

ಎಂಟು ಹೆಂಗಸರು, ಚೈನ್ ಪುಲ್ಲಿಯ ನೇರ ಕೆಳಗೆ ದುಂಡಗೆ ಕೂತು ಬುತ್ತಿ ಬಿಚ್ಚಿದ್ದರು. ನಡುವೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವರ ತಲೆಯ ಮೇಲೆ, ಕರೆಂಟು ಬಂದಾಗ ಇಳಿಸಿದರಾಯಿತು ಅಂತ ಬಿಟ್ಟ ಕಲ್ಲು ಚೈನಿನಲ್ಲಿ ತೂಗಿಕೊಂಡಿತ್ತು. ಮಿಸ್ತ್ರಿ ಕಾಕಾ ಪಕ್ಕದ ಕಂಬಕ್ಕೆ ಒರಗಿ ರೊಟ್ಟಿ ಮುರಿಯುತ್ತಿದ್ದರು.

"ಬರ್ರಿ ಅಕ್ಕೋರ, ನೆರಳಿಗಿ ಬರ್ರಿ!" ಅಂದಳು ಅವರ ಸೊಸೆ, ಸರಿದು ನನಗೆ ಜಾಗ ಮಾಡುತ್ತ. "ನಿಮ್ಮ ಪುಣ್ಯೇದಿಂದ ಈ ಸಲ ಬಿಸಲ ತಪ್ಪೇದ ನೋಡ್ರಿ. ಬೋರ್ಡ್ ಬಂದ ಮ್ಯಾಲ ಮಾವ ಇಲ್ಲೇ ಕುಂದುರು ಅಂದಾನ."

"ಏಳ್ರಿ" ಅಂದೆ. ಯಾರೂ ಕದಲಲಿಲ್ಲ. ಮತ್ತೆ ಅಂದೆ, "ಏಳ್ರಿ ಎಲ್ಲಾರೂ. ಹೊರಗ ನಡೀರಿ."

"ಯಾಕ್ರಿ, ಸಾಹೇಬರು ಬರ್ಲಿಕತ್ತಾರೇನು?" ಅಂತ ಒಬ್ಬಳು ನಕ್ಕಳು. ಇನ್ನೊಬ್ಬಳು, "ಊಟದಾಗ ಏಳಬಾರದ್ರಿ, ಎರಡು ತುತ್ತು ಮುಗಸ್ತೀವಿ" ಅಂದಳು.

"ಚೈನ್ ಹರೀತದ!" ಅಂತ ಕಿರುಚಿದೆ. "ಅದು ಸವದು ಹೋಗೇದ. ಹರದ್ರ ಕಲ್ಲು ನಿಮ್ಮ ಮ್ಯಾಲ ಬೀಳತದ. ಸಾಯ್ತೀರಿ, ಎಂಟೂ ಮಂದಿ ಸಾಯ್ತೀರಿ! ಏಳ್ರಿ!"

ನಮ್ಮ ಕಡೆ ಉಣ್ಣುವವರ ಮುಂದೆ ಇಂಥ ಮಾತು ಯಾರೂ ಆಡುವುದಿಲ್ಲ. ಒಬ್ಬಳು ಬಾಯಿಯ ತುತ್ತು ಉಗುಳಿದಳು. ಒಬ್ಬಳು ನನ್ನನ್ನು ಹೊಡೆಯುವಂತೆ ನೋಡಿದಳು. ಆದರೆ ಎದ್ದರು. ಬುತ್ತಿ ಬಟ್ಟೆ ಎಳೆದುಕೊಂಡು, ಪಲ್ಯ ಚೆಲ್ಲಿಕೊಂಡು, ಎಂಟೂ ಮಂದಿ ಬಿಸಿಲಿಗೆ ಓಡಿದರು. ಸೊಸೆ ಕೊನೆಗೆ ಹೋದಳು, ಹೋಗುವಾಗ ನನ್ನ ಮುಖ ನೋಡಲಿಲ್ಲ.

ನಾನು ಅಲ್ಲಿಂದಲೇ ಸಾಹುಕಾರರಿಗೆ ಫೋನು ಹಚ್ಚಿದೆ. "ಕೆಲಸ ನಿಲ್ಲಸೀನಿ. ಹೊಸಾ ಚೈನ್ ಬರೂ ತನಕ ಇಲ್ಲಿ ಕಲ್ಲು ಏಳಂಗಿಲ್ಲ. ನಾಲ್ಕು ಅಂತ ಬರದ ಹಾಳಿ ನನ್ನ ಬೀರೂದಾಗ ಅದ, ಇವತ್ತ ಸಂಜೀಗಿ ಕಂಪನಿಗಿ ಕಳಸ್ತೀನಿ" ಅಂದೆ.

"ಕುರ್ಚಿ ಬ್ಯಾಡೇನು ತಂಗೀ?" ಅಂದರು.

"ಬ್ಯಾಡ್ರಿ" ಅಂದೆ. ಹಾಳೆ ಕಳಿಸಿದೆ. ವಾರದೊಳಗೆ ಚೈನ್ ಬಂತು. ಅದೇ ವಾರ ನನ್ನ ಕುರ್ಚಿಯೂ ಹೋಯಿತು. ಈಗ ಚಿತ್ತಾಪುರದ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ, ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ. ಅದಕ್ಕಾಗಿ ನನಗೆ ಸಂಕಟವಿಲ್ಲ, ಯಾರಾದರೂ ಕನಿಕರ ತೋರಿಸಿದರೆ ಸಿಟ್ಟು ಬರುತ್ತದೆ.

ಅವತ್ತು ಫೋನು ಇಟ್ಟಾಗ ನನಗೆ ಎದೆಯಲ್ಲಿ ಒಂದು ಥರದ ಹಗುರ ಆಗಿತ್ತು. ಕಡೆಗೂ ಹೇಳಿಬಿಟ್ಟೆ, ಎಂಟು ಜೀವ ಉಳಿಸಿದೆ ಅಂದುಕೊಂಡೆ. ತಿರುಗಿ ನೋಡಿದರೆ ಮಿಸ್ತ್ರಿ ಕಾಕಾ ಇನ್ನೂ ಕಂಬದ ಪಕ್ಕದಲ್ಲೇ ನಿಂತಿದ್ದರು. ಫೋನಿನಲ್ಲಿ ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದರು.

"ಆ ಹಾಳಿ ಯಾವಾಗ ಬರದದ್ರಿ ಅಕ್ಕೋರ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಬೋರ್ಡ್ ಹಾಕಸೂ ಮೊದಲ, ಕಾಕಾ."

"ಲಿಂಬಿಹಣ್ಣು ಬಿಚ್ಚಸೂ ಮೊದಲ?"

"ಹೌದ್ರಿ."

ಅವರು ಬಯ್ಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಬಲಗೈ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಎಣ್ಣೆ, ಕಲ್ಲುಪುಡಿ ಮೆತ್ತಿದ ಕೈ.

"ಚೈನ್ ಸವದದ್ದು ಈ ಕೈಗಿ ದಿನಾ ಗೊತ್ತಾಗ್ತಿತ್ರಿ" ಅಂದರು. "ನೀವು ಓದಿದವ್ರು, ಕಡಿಮಿ ಅಂತ ಬರದೀರಿ ಅಂದಿದ್ದಕ್ಕ, ನನ್ನ ಕೈನೇ ಸುಳ್ಳು ಹೇಳ್ಲಿಕತ್ತದ ಅಂದ್ಕೊಂಡೆ. ಸೊಸಿನ್ನ ನಾನೇ ತಂದು ಇಲ್ಲಿ ಕೂಡಿಸಿದೆ."

ಅಷ್ಟು ಹೇಳಿ, ಅವಳು ಬಿಟ್ಟುಹೋದ ಬುತ್ತಿ ಡಬ್ಬಿಯ ಮುಚ್ಚಳ ಹುಡುಕಿ ಮುಚ್ಚಿ, ಅದನ್ನು ತೆಗೆದುಕೊಂಡು ಹೊರಗೆ ಅವಳ ಕಡೆ ಹೋದರು.